ಅರವತ್ತೊಂದನೆಯ ಖಾನೆ

(ಜೀರಿಕ್ಸೇ ಬಂದರಿನ ಔಷಧಿ ವ್ಯಾಪಾರಿ ಫೊಪ್ಪೆ ಆಡ್ರಿಯಾನ್ಸ್ ತೀರಿಕೊಂಡ ಚಳಿಗಾಲ. ಮನೆಗೆಲಸದ ವೆಂಡೆಲ್‌ಮೂಟ್ ಹೇಳಿದ್ದು.)

ಕಾಲೊರೆಸಿಕೊಂಡು ಬನ್ನಿ, ಗುಮಾಸ್ತರೇ.
ಹಿಮ ಕರಗಿ ಒಳಗೆ ಹರಿದರೆ ಹಲಗೆ ಉಬ್ಬುತ್ತದೆ,
ಹಲಗೆ ಉಬ್ಬಿದರೆ ಖಾನೆ ಕಚ್ಚಿಕೊಳ್ಳುತ್ತದೆ,
ಆಮೇಲೆ ಅರ್ಧ ಲೋಕ ಹೊರಗೇ ಬರುವುದಿಲ್ಲ.
ಲೋಕ ಅಂದದ್ದು ನಾನಲ್ಲ, ಒಡೆಯರು.
ಓಕ್ ಮರದ ಬೀರು, ಎಂಬತ್ತನಾಲ್ಕು ಖಾನೆ.
ದೇವರು ಆರು ದಿನದಲ್ಲಿ ಮಾಡಿ ಚೆಲ್ಲಿದ್ದನ್ನು
ಅವರು ಮೂವತ್ತು ವರ್ಷ ಹೆಕ್ಕಿ ತುಂಬಿದರು.
ಧೂಳು ಹೊಡೆದವಳು ನಾನು.

ಬರೆದುಕೊಳ್ಳಿ. ತೊಲೆಗೆ ತೂಗಿದ್ದು ಮೊಸಳೆ.
ಹೊಲಿಗೆ ಬಿಟ್ಟಾಗಲೆಲ್ಲ ಹುಲ್ಲು ತುರುಕಿದ್ದೇನೆ,
ಈಗ ಅದರ ಹೊಟ್ಟೆಯಲ್ಲಿ ಈಜಿಪ್ಟಿಗಿಂತ
ನನ್ನ ತಮ್ಮನ ಕೊಟ್ಟಿಗೆಯೇ ಹೆಚ್ಚು.
ಗೋಡೆಗೆ ಒರಗಿದ್ದು ಒಂಟಿಕೊಂಬಿನ ಕುದುರೆಯ ಕೊಂಬು.
ತಿಮಿಂಗಿಲದ ಬೇಟೆಯವರು ಹೆಂಡದಂಗಡಿಯಲ್ಲಿ ನಗುತ್ತಾರೆ,
ಅದು ಉತ್ತರದ ಯಾವುದೋ ಮೀನಿನ ಹಲ್ಲಂತೆ.
ಇರಲಿ, ಕೊಂಬು ಅಂತಲೇ ಬರೆಯಿರಿ.
ಕೊಂಬಿಗೆ ಮುನ್ನೂರು ಗಿಲ್ಡರ್ ಬರುತ್ತದೆ.

ಆ ಚಿನ್ನದ ಗರಿಯ ಹಕ್ಕಿಗೆ ಕಾಲೇ ಇಲ್ಲ.
ಹುಟ್ಟಿದ್ದರಿಂದ ಸಾಯುವವರೆಗೆ ನೆಲ ಮುಟ್ಟದೆ
ಗಾಳಿ ಕುಡಿದು ಬದುಕುತ್ತದೆ, ಅಂದಿದ್ದರು ಒಡೆಯರು
ಲೈಡನ್ನಿಂದ ಬಂದ ಪಂಡಿತರ ಮುಂದೆ,
ಕಣ್ಣಲ್ಲಿ ನೀರು ತಂದುಕೊಂಡು.
ನಾನು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದೆ.
ಸ್ವಾಮಿ, ವಾರಕ್ಕೆ ಮೂರು ಕೋಳಿ ಹಸನು ಮಾಡಿದ ಕೈ ಇದು.
ಗರಿ ಸರಿಸಿ ನೋಡಿದ್ದೇನೆ: ಚಾಕು ಆಡಿದ ಗುರುತು,
ಎರಡೂ ಕಡೆ, ಓರೆಯಾಗಿ.
ಎಲ್ಲೋ ಒಬ್ಬಳು ನನ್ನಂಥವಳೇ
ಬೇಡದ್ದನ್ನು ಕತ್ತರಿಸಿ ನಾಯಿಗೆ ಹಾಕಿರಬೇಕು.

ಡ್ರ್ಯಾಗನ್ ಮರಿಯ ವಿಷಯ...
ಸತ್ತವರ ಸಾಮಾನಿನ ಮುಂದೆ ಸುಳ್ಳೇಕೆ.
ಮೀನು ಮಾರುವ ಬಾರ್ಟೆಯ ಕೈಕೆಲಸ ಅದು.
ತೊರಕೆ ಮೀನನ್ನು ಸೀಳಿ, ಕತ್ತಿಗೆ ದಾರ ಬಿಗಿದು,
ರೆಕ್ಕೆ ತಿರುಚಿ ಹೊಗೆಗೆ ಕಟ್ಟಿದರೆ ಹದಿನೈದು ದಿನಕ್ಕೆ ಡ್ರ್ಯಾಗನ್.
ಬಾಯಿ ಮುಚ್ಚಿದ್ದಕ್ಕೆ ನನಗೂ ಒಂದು ಸ್ಟೈವರ್ ಕೊಟ್ಟಳು.
ಆ ರಾತ್ರಿ ಒಡೆಯರು ಮಲಗಲೇ ಇಲ್ಲ,
ದೀಪ ಹಿಡಿದು ಅದರ ಸುತ್ತ ಸುತ್ತಿದರು,
ಮದುವೆ ಗೊತ್ತಾದ ಹುಡುಗನ ಹಾಗೆ.
ಒಂದು ಸ್ಟೈವರಿಗೆ ಅಷ್ಟು ಸುಖ ನಾನೆಲ್ಲೂ ಕಂಡಿಲ್ಲ.

ಐವತ್ತೆಂಟು, ಶಂಖ. ಐವತ್ತೊಂಬತ್ತು, ಜಾಯಿಕಾಯಿ,
ನಾಲ್ಕಿದ್ದವು, ಒಂದನ್ನು ಇಲಿ ತಿಂದಿದೆ. ಅರವತ್ತು, ಹವಳ.

ಅರವತ್ತೊಂದು ಖಾಲಿ ಇತ್ತು.
ಯಾವುದೋ ಹಡಗಿಗೆ ಕಾದಿತ್ತು, ಆ ಹಡಗು ಬರಲಿಲ್ಲ.
ನನ್ನ ಲೀವೆನ್ನನಿಗೆ ಆರು ತುಂಬಿದ ವರ್ಷ
ಮುಂದಿನ ಹಾಲುಹಲ್ಲು ಬಿತ್ತು.
ಇಲಿಯ ಬಿಲಕ್ಕೆ ಹಾಕಬೇಕು, ಗಟ್ಟಿ ಹಲ್ಲು ಬರಲಿ ಅಂತ.
ನಾಳೆ ಹಾಕೋಣ ಅಂದೆ, ಕೆಲಸವಿತ್ತು.
ನಾಳೆಗೆ ಜ್ವರ. ನಾಲ್ಕನೇ ದಿನಕ್ಕೆ
ಹೊಸ ಹಲ್ಲು ಬೇಕಿರಲಿಲ್ಲ.

ಈ ಮನೆಯಲ್ಲಿ ಏನೂ ಕೊಳೆಯದ ಜಾಗ ಇದೊಂದೇ.
ನುಸಿ ಬಾರದು, ಕರ್ಪೂರವಿದೆ, ಬೀಗವಿದೆ.
ಹಾಗಾಗಿ ಇಟ್ಟೆ.
ಮರುವಸಂತದಲ್ಲಿ ನೋಡಿದರೆ
ಅದರ ಕೆಳಗೊಂದು ಚೀಟಿ, ಒಡೆಯರ ಕೈಬರಹ.
ಲ್ಯಾಟಿನ್ ನನಗೆ ಬಾರದು. ಇಪ್ಪತ್ತೆರಡು ವರ್ಷ
ಅದರ ಸುತ್ತಲೇ ಒರೆಸಿದ್ದೇನೆ. ನೀವು ಓದಿ.

«ಹಲ್ಲು. ನಾನು ಕಂಡಿರದ ಪ್ರಾಣಿಯದು.»

ಸುಳ್ಳು ಬರೆಯುವವರಲ್ಲ ಅವರು.
ಮೆಟ್ಟಿಲ ಕೆಳಗೆ ಆರು ವರ್ಷ ಇದ್ದ ಮಗು;
ಒಡೆಯರು ಆ ಕಡೆ ಇಳಿದವರಲ್ಲ.

ಇಲ್ಲ, ಅಳುತ್ತಿಲ್ಲ, ಕರ್ಪೂರದ ಘಾಟು.
ಏನೆಂದು ಬರೆದಿರಿ?
ಕವಡೆ ಮೂರು, ಹಲ್ಲು ಒಂದು, ಒಟ್ಟಿಗೆ ಎರಡು ಸ್ಟೈವರ್?
ಕಿಟಕಿಯ ಹತ್ತಿರ ಹೋಗಿ ಇನ್ನೊಮ್ಮೆ ಓದಿ,
ಬೆಳಕು ಸಾಲದು ಇಲ್ಲಿ.

ಈಗ ನೋಡಿ.
ಹಲ್ಲು ಎಂಬುದನ್ನು ಹೊಡೆದುಹಾಕಿ, ಗುಮಾಸ್ತರೇ.
ಅರವತ್ತೊಂದು ಖಾಲಿ.
ಮೊದಲಿನಿಂದಲೂ ಖಾಲಿ.