ಒಂದು ಇಂಚು ಗಾಳಿ

ಮಾಗುಂಡಿಯ ಮದುವೆಗೆ ಹೊರಟ ಮೂರಂತಸ್ತಿನ ಕೇಕು
ಆಲ್ದೂರು ದಾಟುವಷ್ಟರಲ್ಲಿ ಎರಡಂತಸ್ತಾಗಿತ್ತು.
ಮೇಲಿನದು ಜಾರಿ
ಡಬ್ಬದ ಗೋಡೆಗೆ ಕೆನ್ನೆ ಒತ್ತಿಕೊಂಡಿತ್ತು,
ಬಸ್ಸಿನ ಕಿಟಕಿಗೆ ಒರಗಿ ನಿದ್ದೆಹೋದವರ ಹಾಗೆ.
ಹಿಂದಿನ ಸೀಟಿನಲ್ಲಿ ಗ್ಲ್ಯಾಡಿಸ್
ಎರಡೂ ಕೈಯಲ್ಲಿ ತಬ್ಬಿಕೊಂಡು
"ಅಕ್ಕಾ, ನಿಲ್ಸೇ" ಅಂದಳು.
ಎಲ್ಲಿ ನಿಲ್ಲಿಸಲಿ?
ನಿಲ್ಲಿಸಿದಲ್ಲೂ ಹೊಂಡ.

ಕಾರು ಕೊಂಡದ್ದು ಒಬ್ಬ ಹುಡುಗನಿಂದ.
ಹದಿನಾರು ಇಂಚಿನ ಅಲಾಯ್ ಹಾಕಿಸಿದ್ದ,
ಮೈಗೆ ಅಂಟಿದಂಥ ತೆಳ್ಳನೆ ಟೈರು.
ನನಗೂ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ.
ಇಗರ್ಜಿಯ ಮುಂದೆ ನಿಲ್ಲಿಸಿದರೆ
ಜನ ಮೊದಲು ಗಾಲಿ ನೋಡಿ
ಆಮೇಲೆ ನನ್ನ ನೋಡುತ್ತಿದ್ದರು.

ಬೇಲೂರು ರಸ್ತೆಯಲ್ಲಿ ಹೈದ್ರೋಸ್ ಬ್ಯಾರಿಯವರ ಅಂಗಡಿ.
ಕುಕ್ಕರಗಾಲಲ್ಲಿ ಕೂತು, ಟೇಪು ಹಿಡಿದು,
ಟೈರಿನ ಪಕ್ಕೆ ಅಳೆದರು:
"ನಿಮ್ಮ ಚಕ್ರಕ್ಕೂ ಊರಿನ ಕಲ್ಲಿಗೂ ನಡುವೆ
ಇರೋದು ನಾಲ್ಕು ಇಂಚು ಗಾಳಿ.
ಹದಿನಾಲ್ಕರ ಚಕ್ರ ಹಾಕಿ, ಐದಾಗ್ತದೆ.
ಹೊರಗಿನ ಎತ್ತರ ಮಾತ್ರ ಅಷ್ಟೇ ಇರ್ಬೇಕು,
ಇಲ್ದಿದ್ರೆ ಮೀಟರು ಸುಳ್ಳು ಹೇಳ್ತದೆ.
ಒಳಗೆ ಚಕ್ರ ಉಬ್ಬಿದ್ರೆ ರಬ್ಬರು ಬಡವಾಗ್ತದೆ. ಲೆಕ್ಕ ಇಷ್ಟೇ."

ಒಂದು ಇಂಚಿಗೆ ಇಷ್ಟು ದುಡ್ಡೇ ಅಂದೆ.
ಅವರು ನಕ್ಕು,
ಗೋಡೆಗೆ ಒರಗಿಸಿದ್ದ ದಪ್ಪ ಟೈರಿನ ಪಕ್ಕೆಗೆ
ಹೆಬ್ಬೆರಳು ಒತ್ತಿ ತೋರಿಸಿದರು.
ಒತ್ತಿದ್ದು ನನ್ನ ಅಡುಗೆಮನೆಯಲ್ಲಿ ಎಂಬಂತಾಯಿತು.
ಒಲೆಯಿಂದ ತೆಗೆದ ಸ್ಪಂಜನ್ನು
ನಾನೂ ಹಾಗೆಯೇ ಒತ್ತಿ ಕೇಳುವುದು:
ಬೆಂದೆಯಾ? ಮೇಲೆದ್ದು ಬರುತ್ತೀಯಾ?
ನಾನೂ ಗಾಳಿಯ ಕಸುಬಿನವಳೇ.
ಮೊಟ್ಟೆಯ ಬಿಳಿಯೊಳಗೆ ಗಾಳಿ ಕಟ್ಟಿ
ಅದು ಓಡಿಹೋಗುವ ಮುಂಚೆ ಬೇಯಿಸುವುದು,
ಇಪ್ಪತ್ತೆರಡು ವರ್ಷದಿಂದ ಮಾಡಿದ್ದು ಅದೊಂದೇ.

"ಹದಿನೈದು ಹಾಕೋಣವಾ? ನೋಡೋಕೂ ಚೆನ್ನಾಗಿರ್ತದೆ"
ಅಂದದ್ದು ನಾನೇ, ಕೊನೆಯ ಆಸೆಗೆ.
"ಹಾಕ್ಬಹುದು. ನಡುದಾರಿ.
ಕಾರಲ್ಲಿ ಹೋಗೋದು ನೋಡುವವರಾ, ಕೂರುವವರಾ?"
ನಾನು ಗ್ಲ್ಯಾಡಿಸಳ ಮೊಣಕೈ ನೆನೆದೆ,
ನೀಲಿಗಟ್ಟಿದ್ದು.

ಒಳಗೆ ಬ್ರೇಕಿಗೆ ತಾಗುವುದಿಲ್ಲವೆಂದು
ಒಂದನ್ನು ಹಾಕಿ, ತಿರುಗಿಸಿ, ಕಿವಿಗೊಟ್ಟು ನೋಡಿ
ಆಮೇಲೆ ನಾಲ್ಕನ್ನೂ ಬಿಗಿದರು.
"ಗಾಳಿ ಬಾಗಿಲ ಚೌಕಟ್ಟಲ್ಲಿ ಬರೆದಷ್ಟೇ.
ಬಂಕಿನ ಹುಡುಗ್ರು ಎಲ್ಲರಿಗೂ ನಲವತ್ತು ಹೊಡೀತಾರೆ,
ಬಿಡ್ಬೇಡಿ."
ಕಪ್ಪು ಕಬ್ಬಿಣದ ಚಕ್ರ, ಮುಚ್ಚಳವೂ ಇಲ್ಲ.
ಜರಿಸೀರೆ ಉಟ್ಟು
ಮನೆಯ ಹವಾಯಿ ಚಪ್ಪಲಿಯಲ್ಲೇ ಹೊರಟ ಹಾಗಿತ್ತು ನನ್ನ ಕಾರು.

ಹೊಂಡಗಳು ಅಲ್ಲೇ ಇವೆ.
ಆದರೆ ಬಾಗಿಲು ಒದೆಯುವ ಬದಲು
ಈಗ ಕೆಮ್ಮಿ ಒಳಗೆ ಬರುತ್ತವೆ.
ತಿರುವಿನಲ್ಲಿ ಮಾತ್ರ ಕಾರು
ಕೊಂಚ ಯೋಚಿಸಿ ವಾಲುತ್ತದೆ,
ಕೇಕೂ ಅದರ ಜೊತೆಗೇ.
ಹೈದ್ರೋಸ್ ಇದನ್ನೂ ಹೇಳಿದ್ದರಂತೆ.
ನನಗೆ ಕೇಳಿಸಿರಲಿಲ್ಲ.
ನಿಧಾನ ಹೋಗುವುದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಬಾಳೆಹೊನ್ನೂರಿನ ನಾಮಕರಣಕ್ಕೆ
ಮೂರಂತಸ್ತೂ ಮೂರಾಗಿಯೇ ತಲುಪಿತು,
ಕೂದಲೆಳೆಯ ಒಂದು ಬಿರುಕು ಬಿಟ್ಟರೆ.
ಗ್ಲ್ಯಾಡಿಸ್ ಅದರ ಮೇಲೊಂದು ಕ್ರೀಮಿನ ಗುಲಾಬಿ ಇಟ್ಟಳು.
ಅದು ಯಾವ ಹೊಂಡದ ಬಿರುಕೆಂದು ನನಗೆ ಗೊತ್ತು:
ಮೋರಿ ದಾಟಿದ ಕೂಡಲೇ, ಎಡಕ್ಕೆ.

ಮೊನ್ನೆ ಹನುಮಂತಪ್ಪ ವೃತ್ತದಲ್ಲಿ
ನನ್ನ ಹಳೆಯ ಅಲಾಯ್ ಕಂಡವು, ಬೇರೊಂದು ಕಾರಿಗೆ.
ಥಳಥಳ ಹೊಳೆಯುತ್ತಿದ್ದವು.
ಮೊದಲು ಗಾಲಿಯನ್ನೇ ನೋಡಿದೆ, ಹೌದು.
ಆಮೇಲೆ ಹಿಂದಿನ ಸೀಟು:
ಯಾರೋ ಒಬ್ಬ ಹೆಂಗಸು
ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು,
ಕಾರು ನಿಂತಿದ್ದಾಗಲೂ.