ಹೇಳದೆ ಹೋಗುವ ಪಾಠ

ತಪ್ಪು ನನ್ನದೇ. ಕಲಿಸಿದವಳು ನಾನು.

ಸುಂಟಿಕೊಪ್ಪದ ಸಂತೆ ಕರಗಿದ ಭಾನುವಾರದ ಸಂಜೆಗಳಲ್ಲಿ
ಕಾಪಿ ಪುಸ್ತಕ ಎದೆಗೊತ್ತಿ ಬರುತ್ತಿದ್ದಳು ಮಾರ್ಗಿಟ್,
ಹಂಗೇರಿಯವಳು, ನಮ್ಮ ತೋಟಗಳ ಕಾಡುಜೇನು ಎಣಿಸಲು ಬಂದವಳು.
ಊರಿಗೆ ಅವಳು ಜೇನು ಮೇಡಮ್.
ಒಂದು ದಿನ ಚಪ್ಪಲಿ ಮೆಟ್ಟುತ್ತ "ಹೋಗ್ತೀನಿ" ಅಂದಳು.
ನಾನು ಬೆಚ್ಚಿ, ಕೈಹಿಡಿದು ಒಳಗೆಳೆದು ಕೂರಿಸಿದೆ:
ಹಾಗನ್ನಬಾರದು. ಹೋಗುವುದು ಹೆಣ ಮಾತ್ರ.
ಬದುಕಿದವರು ಹೋಗಿ ಬರುತ್ತಾರೆ.
ಬರೆದುಕೊಂಡಳು. ಅಡಿಗೆ ಎರಡು ಗೆರೆ.

ಆಮೇಲೆ ಪೇಟೆ ತುಂಬ ಅವಳದೇ ಮಾತು.
ಮೀನಿನ ಕುಞಮ್ಮದನಿಗೆ, ಬಸ್ಸಿನ ಕಂಡಕ್ಟರಿಗೆ,
ಪಂಚರ್ ಹಾಕುವ ಹುಡುಗನಿಗೆ, ಹೋಗಿ ಬರ್ತೀನಿ.
ಅವರೂ ಬಿಡಲಿಲ್ಲ, ತಂತಮ್ಮದು ಕಲಿಸಿದರು:
ಪೋಯಿತ್ ಬಪ್ಪಿ, ಪೋಯಿಟ್ಟ್ ವರಾಂ, ವಚೊನ್ ಯೆತಾಂ.
ಎಷ್ಟು ಭಾಷೆ ಟೀಚರ್, ಎಲ್ಲರೂ ವಾಪಸು ಬರುವವರೇ, ಅಂದು ನಕ್ಕಳು.

ಪಾಸ್ಕು ಲೋಬೊ ಹೋದ. ಕ್ಯೂರಿಂಗ್ ವರ್ಕ್ಸಿನಲ್ಲಿ
ಮೂವತ್ತನಾಲ್ಕು ವರ್ಷ ಕಾಫಿ ತೂಗಿದವನು,
ತಕ್ಕಡಿ ಮುಳ್ಳೊಂದನ್ನು ಬಿಟ್ಟು ಯಾರನ್ನೂ ನಂಬದವನು.
ತಿಂಗಳ ಪೂಜೆ, ಆಮೇಲೆ ಚರ್ಚಿನ ಹಾಲಿನಲ್ಲಿ ಊಟ.
ಹೊರಗೆ ಕಾಫಿ ಹೂ ಬಿಟ್ಟಿತ್ತು; ಅದರ ಘಮ
ಹಂದಿ ಸಾರಿನ ಹಬೆಗೆ ಸಿಕ್ಕಿ ದಿಕ್ಕು ತಪ್ಪಿತ್ತು.
ಮಾರ್ಗಿಟ್ ತಂದ ಜೇನಿನ ಬಾಟಲಿಗೆ ಕೆಂಪು ರಿಬ್ಬನ್ನು.
ಆಗಲೇ ನನಗೆ ತಿಳಿಯಬೇಕಿತ್ತು.

ಎರಡು ಸಲ ಕಡಂಬುಟ್ಟು ಹಾಕಿಸಿಕೊಂಡು, ಕೈ ತೊಳೆದು,
ನೇರ ಬೆನೆಡಿಕ್ಟಾ ಬಾಯಿಯ ಮುಂದೆ ನಿಂತು, ಕೈಮುಗಿದು,
ಕ್ಲಾಸಿನಲ್ಲಿ ಪದ್ಯ ಒಪ್ಪಿಸುವಷ್ಟು ಗಟ್ಟಿಯಾಗಿ:
"ಊಟ ತುಂಬಾ ಚೆನ್ನಾಗಿತ್ತು. ಹೋಗಿ ಬರ್ತೀನಿ.
ಹೀಗೇ ಆಗಾಗ ಕರೀತಾ ಇರಿ!"

ಬಡಿಸುವ ಸೌಟು ಗಾಳಿಯಲ್ಲೇ ನಿಂತಿತು.
ಫ್ಯಾನು ಮಾತ್ರ ಕಟಕಟ.
ಪಕ್ಕದ ತೋಟದ ಪೂವಯ್ಯ, ಚರ್ಚೆಂಬುದನ್ನೂ ಮರೆತು,
ಇಗ್ಗುತ್ತಪ್ಪಾ! ಅಂದುಬಿಟ್ಟ.
ನಾನೋ, ಗೋಡೆಯ ಕಡೆಯ ಭೋಜನದ ಪಟವನ್ನು
ಹೊಸದಾಗಿ ಕಂಡವಳಂತೆ ತಲೆ ಎಣಿಸತೊಡಗಿದೆ.
ಹದಿಮೂರು. ಮತ್ತೊಮ್ಮೆ ಎಣಿಸಿದೆ. ಹದಿಮೂರೇ.
ಆ ಮೌನದ ತುದಿಯಿಂದ ಅವಳು ನನ್ನನ್ನು ಹುಡುಕಿ ಕೂಗಿದಳು:
"ಟೀಚರ್, ಬರ್ತೀನಾ, ಬರ್ತೇನಾ? ಯಾವುದು ಸರಿ?"

ಬೆನೆಡಿಕ್ಟಾ ಬಾಯಿ ತಲೆಯ ಮುಸುಕು ಸರಿಸಿದಳು.
ಒಂದು ತಿಂಗಳಿಂದ ಹೂಂ, ಊಹೂಂ ಬಿಟ್ಟು ಬೇರೆ ಆಡಿರಲಿಲ್ಲ.
"ಬಾ ಮಗಾ. ಮುಂದಿನ ಸಲ ನನ್ನದೇ ಇರ್ತದೆ.
ಹಂದಿಗೆ ಉಪ್ಪು ಸರಿಯಾಗಿ ಹಾಕಲು ಹೇಳಿಟ್ಟಿರ್ತೇನೆ."
"ಖಂಡಿತ!" ಅಂದಳು ಮಾರ್ಗಿಟ್.
ಅದೂ ಆ ವಾರದ ಪಾಠದ್ದೇ.

ದಾರಿಯಲ್ಲಿ ಬಿಡಿಸಿ ಹೇಳಿದೆ. ಮೋರಿಕಟ್ಟೆಯ ಮೇಲೆ ಕುಸಿದು ಕೂತಳು.
ಮೊದಲು ಕಿವಿ ಕೆಂಪಾಯಿತು, ಆಮೇಲೆ ಕತ್ತು.
ಹಾಗಾದರೆ ಏನನ್ನಬೇಕಿತ್ತು?
ಏನೂ ಅನ್ನಬಾರದು. ಸಾವಿನ ಮನೆಯಿಂದ
ಹೇಳದೆ ಎದ್ದು ಹೋಗಬೇಕು.
ಇದು ಎಷ್ಟನೇ ಪಾಠ, ಟೀಚರ್?
ನಾನೂ ಮನೆಯಲ್ಲಿ ಕೊಂಕಣಿಯವಳು. ಈ ಪಾಠ
ಯಾವ ಪುಸ್ತಕದಲ್ಲಿ ಓದಿದ್ದೆನೋ ನೆನಪಾಗಲಿಲ್ಲ.
ನನ್ನ ಅಪ್ಪ ಹೋದಾಗ ಬಂದವರೆಲ್ಲ
ಒಬ್ಬೊಬ್ಬರಾಗಿ ಇಲ್ಲದಾಗಿದ್ದರು, ಅಷ್ಟೇ ಗೊತ್ತು.

ಮಾರನೆಯ ಸಂಜೆ ಕ್ಷಮೆ ಕೇಳಲು ಹೋದಳಂತೆ ಒಬ್ಬಳೇ.
ಬುಧವಾರ ಬೆನೆಡಿಕ್ಟಾ ಬಾಯಿ ನನ್ನನ್ನು ಗೇಟಿನಲ್ಲೇ ತಡೆದಳು:
"ಏನು ಕಲಿಸಿಟ್ಟಿದ್ದೀ ಆ ಹುಡುಗಿಗೆ?
ಏಳು ಗಂಟೆಗೆ ಬಂದಳು. ಎಂಟಾಯ್ತು, ಒಂಬತ್ತಾಯ್ತು.
ಹೋಗ್ತೀನಿ ಅನ್ನೋ ಹಾಗಿಲ್ಲ, ಬರ್ತೀನಿ ಅನ್ನೋ ಹಾಗಿಲ್ಲ,
ಹೇಳದೆ ಏಳೋಕೆ ಅವಳಿಗೆ ನಾಚಿಕೆ,
ಏಳು ಅನ್ನೋಕೆ ನನಗೆ.
ಪಾಸ್ಕುವಿನ ಕುರ್ಚಿಯಲ್ಲೇ ನಿದ್ದೆ ಹೋದಳು.
ಬೆಳಿಗ್ಗೆ ಅವಳದೇ ಜೇನು ಹಾಕಿ ದೋಸೆ ಕೊಟ್ಟೆ.
ಇನ್ನೂ ಅಲ್ಲೇ ಇದ್ದಾಳೆ, ನೋಡು ಹೋಗು."