ಇಪ್ಪತ್ತೇಳನೇ ಸಾಲು, ಕಿಡಕಿ ಮಗ್ಗಲ

ಅಂಕಿ ಬರ್ತಾವ ನನಗ, ಇಂಗ್ಲಿಷ್ ಅಕ್ಷರ ಬರೂದಿಲ್ಲ.
ಸೀಟಿನ ಬೆನ್ನಿಗಿದ್ದ ಟೀವಿ ಆರಿಸೂದು ಮರತಿದ್ರು,
ಅದರಾಗ ನಾಕು, ಐದು, ಮೂರು, ಸೊನ್ನಿ. ಮಗ್ಗಲ ಆರು.
ಹತ್ತನೇತ್ತ ನಪಾಸಾದ ಶೇವಂತಾ ಓದಿ ಹೇಳಿದಳು:
ನೈರೋಬಿಯಿಂದ ಮುಂಬೈಗೆ ಇಷ್ಟು ಕಿಲೋಮೀಟರ, ಇಷ್ಟು ತಾಸು.
ನೀಲಿ ಮ್ಯಾಲ ಒಂದು ಬಿಳಿ ಗೆರಿ,
ಕೌದಿ ಹೊಲಿಯಾಕ ಕೂತಾಕಿ ನಡಕ ನಡಕ ಎದ್ದು ಹೋದಂಗ
ಬಿಟ್ಟು ಬಿಟ್ಟು ಹಾಕಿದ ಹೊಲಿಗಿ.

ಆರ ತಾಸು!
ಜರಿಮರಿಯಾಗ ನಮ್ಮ ಪತ್ರಾಸಿನ ಮ್ಯಾಲ ನಿಂತು ಕಲ್ಲು ಒಗದ್ರ
ಈ ವಿಮಾನದ ಬಾಲಕ್ಕ ಬಡೀತೈತಿ.
ನಡುವ ಒಂದು ಗೋಡಿ, ಗೋಡಿ ಮ್ಯಾಲ ಮುಳ್ಳತಂತಿ,
ತಂತಿಗೆ ಸಿಕ್ಕ ಯಾರದೋ ಗಾಳಿಪಟ.
ನಾ ಬರೂದು ಮಾತ್ರ ಹೊರಸುತ್ತಿನಿಂದ:
ಸಾಕಿನಾಕಾಕ್ಕ ಒಂದು ಬಸ್ಸು, ಅಲ್ಲಿಂದ ಮರೋಳಕ್ಕ ಇನ್ನೊಂದು,
ಮೂರು ಕಡೆ ಪಾಸು ತೋರಿಸಿ, ಬಳಿ ಬಿಚ್ಚಿ ಟ್ರೇದಾಗಿಟ್ಟು
ಒಂದೂಕಾಲು ತಾಸಿಗೆ
ನಮ್ಮ ಮನಿ ಹಿತ್ತಲಕ್ಕ ಬಂದು ಮುಟ್ತೀನಿ.

ನಲವತ್ತು ಮಿನಿಟು ಕೊಡ್ತಾರ.
ಇಪ್ಪತ್ತರಿಂದ ಮೂವತ್ನಾಕನೇ ಸಾಲು ನಂದು.
ಇಪ್ಪತ್ತೇಳರಾಗ ರಗ್ಗು ಝಾಡಿಸಿದ್ರ ಕೈಗಡಿಯಾರ ಬಿತ್ತು.
ನಾಕು ಐವತ್ತು.
ನಿಂತೈತಿ ಅನಕೊಂಡು ಕಿವಿಗೆ ಹಿಡದೆ. ನಡದೈತಿ.
ನಮ್ಮ ಕಡೆ ಏಳೂ ಇಪ್ಪತ್ತು.

ನಾಕು ಐವತ್ತಕ್ಕ ನಾ ನಳದ ಸಾಲಿನ್ಯಾಗಿದ್ದೆ.
ಜೈತುನಬಿ ನನ್ನ ಕೊಡ ಹಿಂದ ಸರಿಸಿದಳಂತ
ಅಕಿ ಉಳೀಲಾರದ ಕೂಸಿನ ಸುದ್ದಿ ತಗದಿದ್ದೆ.
ಈ ಗಡಿಯಾರದ ಲೆಕ್ಕದಾಗ ಆ ಮಾತು
ಇನ್ನೂ ನನ್ನ ಬಾಯಾಗೈತಿ.
ಸೀಟಿನ ಮ್ಯಾಲ ಕುಂಡರಾಕ ನಮಗ ಪರವಾನಗಿ ಇಲ್ಲ.
ಕುಂತೆ.

ಕಂದು ಚರ್ಮದ ಪಟ್ಟಿ. ಅಂಗಡಿಯವ ಹಾಕಿದ ತೂತು ಐದು.
ಮೂರನೇದು ಹಿಗ್ಗಿ ಬಾಯಿ ತಗದೈತಿ,
ವರ್ಷಾನುಗಟ್ಲೆ ಅಲ್ಲೇ ಸಿಗಸ್ಯಾಳ.
ಐದನೇದರ ಆಚಿಗೆ ಮೊಳಿ ಕಾಸಿ ಚುಚ್ಚಿದ್ದೊಂದು,
ಅದರಾಚಿಗೆ ಮತ್ತೊಂದು, ಡೊಂಕ.
ಈ ವಿಮಾನದಾಗ ದವಾಖಾನಿಗೆ ಬರೂ ಮಂದಿ ಭಾಳ,
ಗಾಲಿಕುರ್ಚಿ ಎಣಿಸೂದು ಬಿಟ್ಟೀವಿ.
ಮೂರನೇ ತೂತಿನಿಂದ ಡೊಂಕ ತೂತಿಗೆ
ನನ್ನ ಹೆಬ್ಬೆರಳಿನಷ್ಟು ದೂರ.
ಅದು ಎಷ್ಟು ತಾಸಿನ ಹಾದಿ, ಟೀವಿಯಾಗ ಇರಲಿಲ್ಲ.

ಲೋಬೋ ಸಾಹೇಬ ವಹಿಯಾಗ ಬರಕೊಂಡ:
ಹೆಂಗಸರ ಗಡಿಯಾರ, ಹಳೇದು, ವ್ಯಾಳೆ ಏಳೂ ಮೂವತ್ತೊಂದು.
ಆಮ್ಯಾಲ ಮುಳ್ಳು ತಿರುವಿ ಸರಿ ಮಾಡಾಕ ಹೋದ.
ಬ್ಯಾಡ್ರಿ, ಅಂದೆ. ಕನ್ನಡದಾಗ ಅಂದಬಿಟ್ಟೆ.
ಅಂವಗ ತಿಳೀಲಿಲ್ಲ, ಕೈ ಮಾತ್ರ ನಿಂತಿತು.

ಮಧ್ಯಾಹ್ನ ಸಾಕಿನಾಕಾದಾಗ ಬಸ್ಸು ಬರಲಿಲ್ಲ.
ನಡದೆ. ಕಡೀಕ ಗೋಡಿ ಗುಂಟ.
ಆಚಿ ಕಡಿಂದ ಯಾವುದೋ ಎದ್ದು ಹೋತು,
ಪತ್ರಾಸು ಗಡಗಡ, ತಾಟು ಗಡಗಡ,
ಯಾರೂ ತಲಿ ಎತ್ತಲಿಲ್ಲ.

ಜೈತುನಬಿ ಬಾಗಲದಾಗ ಅಕ್ಕಿ ಆರಸ್ತಿದ್ದಳು.
ನಮ್ಮ ಹೊಸ್ತಲದಿಂದ ಅಕಿ ಹೊಸ್ತಲಕ್ಕ ಐದು ಹೆಜ್ಜಿ.
ತುಂಬಿದ ಕೊಡ ಎತಗೊಂಡೆ.
ಮೂರನೇ ಹೆಜ್ಜಿಗೆ ಮಾರಿ ಎತ್ತಿದಳು.